ಮಾತು ಕಲಿಸುತ್ತಿದ್ದ ಮಾವ

ಅರವತ್ತರ ದಶಕದ ಶಿಡ್ಲಘಟ್ಟದಲ್ಲಿ ನಮ್ಮ ಸೋದರಮಾವ ಭಾನುವಾರ ಬೆಳಿಗ್ಗೆ ಜಗುಲಿಯ ಮೇಲೆ ಮಾತಿನ ಕ್ಲಾಸು ನಡೆಸುತ್ತಿದ್ದರು. ಅವರು ಕಚೇರಿಯಲ್ಲಿ ಗುಮಾಸ್ತರು, ಸಾಹೇಬರ ಎದುರು ಮಾತಾಡಿ ಗೊತ್ತಿದ್ದವರು. ದಿಬ್ಬೂರಹಳ್ಳಿ ಕಡೆಯ ಹುಡುಗರು ಇಂಟರ್‌ವ್ಯೂಗೆ ಹೋಗುವ ಮುಂಚೆ ಬಂದು ಕೂರುತ್ತಿದ್ದರು. “ತಲೆ ಎತ್ತು. ಎದುರಿನವರ ಮುಖ ನೋಡು. ಹೇಳಬೇಕಾದ್ದನ್ನ ನೇರವಾಗಿ ಹೇಳು. ಮನುಷ್ಯ ಮನುಷ್ಯನ ಹತ್ರ ಮಾತಾಡೋಕೆ ಹೆದರೋದು ಯಾಕಪ್ಪ?” ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಮದುವೆಯ ವಯಸ್ಸಿಗೆ ಬಂದಿದ್ದರೂ ಯಾರಾದರೂ ಹೆಸರು ಕೇಳಿದರೆ ಸೆರಗಿನ ತುದಿಗೆ ಉತ್ತರ ಹೇಳುವವಳು ನಾನು.

ಇಂಥ ಮಾವ ಚಿಂತಾಮಣಿಯಲ್ಲಿದ್ದ ಸ್ವಂತ ತಂಗಿಯ ಜೊತೆ, ಅಂದರೆ ನನ್ನ ಚಿಕ್ಕಮ್ಮನ ಜೊತೆ, ವರ್ಷಗಳಿಂದ ಮಾತು ಬಿಟ್ಟಿದ್ದರು. ಅಜ್ಜಿಯ ತಿಥಿಯ ದಿನ ಪಂಕ್ತಿಯಲ್ಲಿ ಕೂತು, ಆಕೆ ಮಾಡಿದ ಸಾರನ್ನು ಎಲ್ಲರಿಗೂ ಕೇಳುವ ಹಾಗೆ ಆಡಿಕೊಂಡಿದ್ದರು. ತಲೆ ಎತ್ತಿ, ನೇರವಾಗಿ. ಚಿಕ್ಕಮ್ಮ ಸೌಟು ಅಲ್ಲೇ ಬಿಟ್ಟು ಬಸ್ಸು ಹತ್ತಿದ್ದರು. ಆಮೇಲೆ ಎಲ್ಲಾದರೂ ಎದುರಾದರೆ, ನಮ್ಮ ಕಡೆ ಮಾತು ಬಿಟ್ಟವರು ಮಾಡುವಂತೆ, ಮಧ್ಯೆ ಒಬ್ಬರನ್ನು ಇಟ್ಟುಕೊಂಡೇ ಮಾತಾಡುತ್ತಿದ್ದರು. ಇಬ್ಬರೂ ಕೂತಿರುವುದು ಒಂದೇ ಕೋಣೆಯಲ್ಲಿ, ಆದರೂ “ಅವಳಿಗೆ ಹೇಳು”, “ಅವರಿಗೆ ಹೇಳು”.

ಅಷ್ಟರಲ್ಲಿ ನನ್ನ ಅಕ್ಕನ ಮದುವೆ ಗೊತ್ತಾಯಿತು. ಇರುವ ಒಬ್ಬಳೇ ತಂಗಿ ಬಾರದೆ ಮಗಳ ಧಾರೆ ಹೇಗೆ ಎಂದು ಅಮ್ಮನ ಸಂಕಟ. ಚಿಕ್ಕಮ್ಮ ಹೇಳಿ ಕಳಿಸಿದ್ದರು: “ಅಣ್ಣ ಬಂದು ಬಾಯಿಬಿಟ್ಟು ಕರೆದ್ರೆ ಬರ್ತೀನಿ. ಇಲ್ದಿದ್ರೆ ಇಲ್ಲ.” ಅಮ್ಮ ಊಟ ಬಿಟ್ಟು ಕೂತ ಮೇಲೆ ಮಾವ ಹೊರಟರು. “ನೀನೂ ಬಾಮ್ಮ, ಹೇಗೆ ಮಾತಾಡ್ಬೇಕು ನೋಡಿ ಕಲಿ” ಎಂದು ನನ್ನನ್ನೂ ಹೊರಡಿಸಿದರು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರ ತುಟಿ ಅಲ್ಲಾಡುತ್ತಿತ್ತು. ನನ್ನನ್ನೇ ತಂಗಿಯೆಂದುಕೊಂಡು ಒಮ್ಮೆ ಜೋರಾಗಿ ಹೇಳಿಯೂ ತೋರಿಸಿದರು. “ಕುಟುಂಬದ ಹಿತದೃಷ್ಟಿಯಿಂದ” ಎಂದೆಲ್ಲ ಇತ್ತು. ಮುಂದಿನ ಸೀಟಿನವರು ತಿರುಗಿ ನೋಡಿ ತಲೆದೂಗಿದರು.

ಚಿಕ್ಕಮ್ಮ ಚಾಪೆ ಹಾಸಿ, ನೀರು ಕೊಟ್ಟು, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತರು. ಮಾವ ಗಂಟಲು ಸರಿಮಾಡಿಕೊಂಡು ತೊಲೆ ನೋಡಿದರು, ನೆಲ ನೋಡಿದರು, ಕಡೆಗೆ ನನ್ನತ್ತ ತಿರುಗಿದರು.

“ಮದುವೆ ಇದೆ, ಬರಬೇಕಂತೆ ಅಂತ ಹೇಳಮ್ಮ ಅವಳಿಗೆ.”

“ಯಾರು ಕರೀತಿರೋದು ಅಂತ ಕೇಳೇ ಅವರನ್ನ.”

“ಅವಳಿಗೆ ಕಣ್ಣಿಲ್ವಾ ಅಂತ ಕೇಳು.”

“ಅವರಿಗೆ ಬಾಯಿಲ್ವಾ ಅಂತ ಕೇಳು.”

ನಾನು ಏನೂ ಕೇಳಬೇಕಾಗಿರಲಿಲ್ಲ, ಇಬ್ಬರಿಗೂ ಎಲ್ಲ ಕೇಳಿಸುತ್ತಲೇ ಇತ್ತು. ಸುಮ್ಮನೆ ಮಧ್ಯೆ ಕೂತಿದ್ದರೆ ಸಾಕಿತ್ತು. ಅಲ್ಲಿ ಹಸಿದು ಕೂತ ಅಮ್ಮ ನೆನಪಾಗಿ ನನಗೆ ಮೈಯೆಲ್ಲ ಉರಿಯಿತು. ಆದರೆ ದೊಡ್ಡವರಿಗೆ ಬುದ್ಧಿ ಹೇಳುವ ಧೈರ್ಯ ನನಗೆಲ್ಲಿಂದ ಬರಬೇಕು? ಎದ್ದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡೆ.

ಒಳಗೆ ಚಾಪೆ ಸರಿದ ಸದ್ದಾಯಿತು. ಆಮೇಲೆ ಮಾವನ ದನಿ ಕೇಳಿಸಿತು, ಮೆಲ್ಲಗೆ, ಅಣ್ಣತಂಗಿಯರು ಚಿಕ್ಕಂದಿನಿಂದ ಆಡುತ್ತಿದ್ದ ತೆಲುಗಿನಲ್ಲಿ: “ಕಾಲು ನೊಪ್ಪಿ ಎಟ್ಲುಂದೇ?” ಕಾಲುನೋವು ಹೇಗಿದೆ ಅಂತ.

“ಅಟ್ಲೇ ಉಂದಿ ಅನ್ನಾ.” ಹಾಗೇ ಇದೆ ಅಣ್ಣ, ಅನ್ನುವಷ್ಟರಲ್ಲಿ ಚಿಕ್ಕಮ್ಮನಿಗೆ ಅಳು ಬಂದಿತ್ತು.

“ಪೆಂಡ್ಲಿಕಿ ರಾಮ್ಮಾ.” ಮದುವೆಗೆ ಬಾಮ್ಮ. ಅಷ್ಟೇ. ಹೊರಗೆ ನಿಂತು ನಾನೂ ಅತ್ತುಬಿಟ್ಟೆ.

ಬಾಗಿಲು ತೆರೆಯಿತು. “ದೊಡ್ಡೋರು ಮಾತಾಡ್ತಿರುವಾಗ ಎದ್ದು ಹೋಗೋದಾ? ಇದೇ ಏನೇ ನಿಮ್ಮಮ್ಮ ಕಲಿಸಿರೋ ಮರ್ಯಾದೆ?” ಎಂದರು ಚಿಕ್ಕಮ್ಮ, ಕಣ್ಣೊರೆಸಿಕೊಳ್ಳುತ್ತ.

“ನಾನೂ ಅದನ್ನೇ ಹೇಳ್ತೀನಿ ಕಣೇ, ಇವಳಿಗೆ ನಾಲ್ಕು ಜನರ ಜೊತೆ ಇರೋಕೇ ಬರಲ್ಲ” ಎಂದರು ಮಾವ, ನೇರವಾಗಿ ತಂಗಿಯ ಮುಖ ನೋಡಿ.

ಆಮೇಲೆ ಊಟದ ಹೊತ್ತಿನವರೆಗೂ ಅಣ್ಣತಂಗಿ ಎದುರುಬದುರು ಕೂತು, ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ನನ್ನನ್ನು ಬೈದರು. ಅಷ್ಟು ಸಂತೋಷವಾಗಿ ನಾನು ಮತ್ತೆಂದೂ ಬೈಸಿಕೊಂಡಿಲ್ಲ.