ಕಬಡ್ಡಿ ಸೂರಿಯ ಹೆಸರಿಗೆ ಒಂದು ಅರ್ಚನೆ

ಸ್ನೇಹಿತರೇ, ಇವತ್ತು ಬೆಳಿಗ್ಗೆ ನಂಜನಗೂಡಿನ ದೇವಸ್ಥಾನದಲ್ಲಿ ನಮ್ಮ ದೊಡ್ಡಮ್ಮ, ಈ ಲೋಕದಲ್ಲೇ ಇಲ್ಲದ ಒಬ್ಬ ಹುಡುಗನ ಹೆಸರಿಗೆ ಅರ್ಚನೆ ಮಾಡಿಸಿದರು.

"ಯಾರ ಹೆಸರಿಗಮ್ಮ?" ಅರ್ಚಕರು ಕೇಳಿದರು.

"ಟಿವೀಲಿ ಬತ್ತಾನಲ್ಲ ಸಾಮಿ, ಕಬಡ್ಡಿ ಹೈದ ಸೂರಿ, ಅವ್ನಿಗೆ."

ದೊಡ್ಡಮ್ಮ ದಿನವೂ ನೋಡುವ ಧಾರಾವಾಹಿಯವನು ಆ ಸೂರಿ. ದೊಡ್ಡ ದೊಡ್ಡ ಪಂದ್ಯ ಗೆದ್ದವನು ಕುಡಿತಕ್ಕೆ ಬಿದ್ದು, ತಂಡದಿಂದ ಹೊರಬಿದ್ದ. ನಿನ್ನೆಯ ಕಂತಿನಲ್ಲಿ ಮತ್ತೆ ಆಡಲು ಹೋಗಿ ಮೊಣಕಾಲು ಮುರಿದುಕೊಂಡ.

ಅರ್ಚಕರು ನಕ್ಕರು. "ಅದು ನಟನೆ ಕಣಮ್ಮ. ಇಲ್ದೇ ಇರೋರ ಹೆಸರಿಗೆ ಹೇಗೆ ಮಾಡೋದು?"

"ಇಲ್ದೇ ಇರೋನು ಅಂಗೆ ಅತ್ತಾನಾ ಸಾಮಿ?"

ಹಿಂದಿನ ಸಾಲು ಗೊಣಗತೊಡಗಿತು. ಅರ್ಚಕರು ಸೋತು, "ಆಯ್ತು, ನಕ್ಷತ್ರ ಹೇಳಿ" ಎಂದರು.

ದೊಡ್ಡಮ್ಮ ಹಣ್ಣುಕಾಯಿ ತಟ್ಟೆಯನ್ನು ಮುಂದಕ್ಕೆ ಚಾಚಿ, "ರೋಹಿಣಿ" ಎಂದರು.

ಅದು ದೊಡ್ಡಪ್ಪನ ನಕ್ಷತ್ರ. ಇಪ್ಪತ್ತೆರಡರ ವಯಸ್ಸಿನಲ್ಲಿ ಪಂದ್ಯವೊಂದರಲ್ಲಿ ಅವರ ಮೊಣಕಾಲೂ ಹೀಗೇ ಹೋಗಿತ್ತು. ಅಂದಿನಿಂದ ಅವರು ಕಬಡ್ಡಿಯ ಮಾತೆತ್ತಿದ್ದನ್ನು ಮನೆಯಲ್ಲಿ ಯಾರೂ ಕೇಳಿಲ್ಲ. ಪಕ್ಕದಲ್ಲೇ ನಿಂತಿದ್ದ ದೊಡ್ಡಪ್ಪ ಕಣ್ಣು ಮುಚ್ಚಿಕೊಂಡರು. ಗಂಟೆಯ ಸದ್ದು ಕಂಬಗಳ ನಡುವೆ ತೇಲುತ್ತ ಬಹಳ ಹೊತ್ತು ಉಳಿಯಿತು.

ನಮ್ಮೂರು ಹದಿನಾರಿಗೆ ಮರಳುವ ಬಸ್ಸಿನಲ್ಲಿ ದೊಡ್ಡಪ್ಪ ಕಿಟಕಿಗೆ ತಲೆ ಆನಿಸಿ, ಹಿಂದೆ ಸರಿಯುವ ಗದ್ದೆಗಳನ್ನು ಕನಸಿನಲ್ಲಿದ್ದವರಂತೆ ನೋಡುತ್ತಿದ್ದರು. ಊರು ಹತ್ತಿರವಾದಾಗ ನನಗಷ್ಟೇ ಕೇಳುವಂತೆ ಮೆಲ್ಲಗೆ ಎಂದರು:

"ಎದುರಿಗೆ ಏಳು ಜನ ಇರೋವಾಗ ಆ ಸೂರಿ ಅಷ್ಟು ಒಳಕ್ಕೆ ಓಗ್ಬಾರ್ದಿತ್ತು ಕಣವ್ವ. ನಾನೂ ಅದೇ ತಪ್ಪು ಮಾಡ್ದೆ."

ದೊಡ್ಡಪ್ಪ ಸೀರಿಯಲ್ ನೋಡುವುದೇ ಇಲ್ಲ ಎಂದು ಇಷ್ಟು ದಿನ ನಂಬಿದ್ದವಳು ನಾನು!