ತಾಳೆಯ ಬುಡದಲ್ಲಿ ಹನ್ನೊಂದು ಬಾಲ

ಔಷಧಿ ಕಾರ್ಖಾನೆಯ ಗುಣಮಟ್ಟ ವಿಭಾಗದವರಿಗೆ ಎರಡು ಚಟ: ಕಂಡದ್ದನ್ನೆಲ್ಲ ಎಣಿಸುವುದು, ಎಣಿಸಿದ್ದನ್ನೆಲ್ಲ ಬರೆಯುವುದು. ವಿಶಾಖಪಟ್ಟಣದಲ್ಲಿದ್ದ ಮೂರು ವರ್ಷವೂ ನನ್ನ ದಿನ ಶುರುವಾಗುತ್ತಿದ್ದದ್ದು ನೀಲಿ ದೀಪದ ಪೆಟ್ಟಿಗೆಯ ಅಂಟುಹಾಳೆಗೆ ಸಿಕ್ಕಿಬಿದ್ದ ಹುಳುಗಳನ್ನು ಎಣಿಸುವುದರಿಂದ. ನೊಣ ಇಷ್ಟು, ಸೊಳ್ಳೆ ಇಷ್ಟು, ಕೆಳಗೆ ಸಹಿ. ನೊಣದಲ್ಲಿ ಯಾವ ಜಾತಿ ಎಂದು ನೋಡುವ ಪುರುಸೊತ್ತು ನಮಗಿರಲಿಲ್ಲ. ಬರೆಯದೇ ಇದ್ದದ್ದು ನಡೆದೇ ಇಲ್ಲ ಎಂಬುದು ನಮ್ಮಲ್ಲಿ ಹೊಸಬರಿಗೆ ಹೇಳಿಕೊಡುವ ಮೊದಲ ಪಾಠ. ಅದನ್ನು ನಾನು ಬೇಕಾದ್ದಕ್ಕಿಂತ ಚೆನ್ನಾಗಿ ಕಲಿತೆ.

ಆ ಊರಿನ ಗಾಜುವಾಕ ಬಡಾವಣೆಯಲ್ಲಿ ನಮ್ಮ ಬಾಡಿಗೆ ಫ್ಲ್ಯಾಟಿನ ಕೆಳಗೆ ಒಬ್ಬರು ನಿವೃತ್ತ ಮೇಷ್ಟ್ರಿದ್ದರು. ಎಲ್ಲರೂ ಅವರನ್ನು ಮಾಸ್ಟಾರು ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮನೆಮಾತು ತೆಲುಗಾದರೂ ಓದಿದ್ದು ಬಳ್ಳಾರಿಯಲ್ಲಿ. ಆ ಊರಿನಲ್ಲಿ ನಮ್ಮ ಮನೆಯ ಹೊರಗೆ ನನಗೆ ಸಿಕ್ಕ ಕನ್ನಡ ಅವರದೊಂದೇ. ಚಿತ್ರದುರ್ಗದವನಾದ ನನಗೆ ಅದು ಪಕ್ಕದ ಊರಿನ ಕನ್ನಡ. ಸಂಜೆ ಅವರ ಜಗುಲಿಯಲ್ಲಿ ಕೂತರೆ ಏಳಲು ಮನಸ್ಸಾಗುತ್ತಿರಲಿಲ್ಲ.

ಕಟ್ಟಡದ ಹಿಂದೆ ಜೊಂಡು ಬೆಳೆದ ಜವುಗು ಇತ್ತು. ಮಾಸ್ಟಾರು ದಿನಾ ಬೆಳಿಗ್ಗೆ ಅಲ್ಲಿ ಒಂದು ನೊಣ ನೋಡಲು ನಿಲ್ಲುತ್ತಿದ್ದರು. ಜೇನಿನಂತೆ ಹಳದಿ ಪಟ್ಟೆ, ಆದರೆ ಕೊಂಡಿಯಿಲ್ಲ. ಹೂವಿನ ಮುಂದೆ ಗಾಳಿಯಲ್ಲಿ ಮೊಳೆ ಹೊಡೆದು ನೇತುಹಾಕಿದ ಹಾಗೆ ಒಂದೇ ಕಡೆ ನಿಂತು ಹಾರುತ್ತಿತ್ತು. ಅವರು ಅದನ್ನು ನಿಂತ ನೊಣ ಎನ್ನುತ್ತಿದ್ದರು. ಅಂಥ ನೊಣಗಳು ಎಲ್ಲೆಡೆ ಇವೆಯಂತೆ, ಆದರೆ ಇದರ ಬೆನ್ನಿನ ಗುರುತು ಅವರ ಯಾವ ಪುಸ್ತಕದಲ್ಲೂ ಇರಲಿಲ್ಲ. ಇದನ್ನು ಮೊದಲು ಕಂಡದ್ದು ವಿಜಯವಾಡದಲ್ಲಿ, ಪಾಠ ಹೇಳುತ್ತಿದ್ದ ಕಾಲದಲ್ಲಿ, ಕಾಲುವೆ ಪಕ್ಕದ ಜೊಂಡಿನಲ್ಲಿ. ಆ ಜವುಗನ್ನು ಮುಚ್ಚಿ ಮನೆ ಕಟ್ಟಿದ ಮೇಲೆ ಮತ್ತೆ ಕಂಡಿರಲಿಲ್ಲ. ಈಗ ಕೀಟಗಳ ತಜ್ಞರೊಬ್ಬರಿಗೆ ಪತ್ರದ ಮೇಲೆ ಪತ್ರ ಬರೆದು, ಒಂದು ಭಾನುವಾರ ಬರಲು ಒಪ್ಪಿಸಿದ್ದರು.

ಅದರ ಹಿಂದಿನ ವಾರ ನನ್ನನ್ನು ಜವುಗಿನ ಅಂಚಿಗೆ ಕರೆದೊಯ್ದರು. ಕಡಿದ ತಾಳೆಮರದ ಬುಡವೊಂದು ಪೊಟರೆಯಾಗಿ, ಅದರಲ್ಲಿ ಕಷಾಯದಂಥ ನೀರು ನಿಂತಿತ್ತು. ನೀರಿನಲ್ಲಿ ಉದ್ದ ಬಾಲದ ಹುಳುಗಳು. ನಾನು ಮುಖ ಕಿವುಚಿದ್ದು ನೋಡಿ ನಕ್ಕರು.

“ಅದು ಬಾಲ ಅಲ್ಲಪ, ಮೂಗು. ಕೊಳೆನೀರಾಗ ಕುಂತು ಅದನ್ನ ಮ್ಯಾಲ ಚಾಚಿ ಉಸಿರಾಡ್ತಾವ.”

ಹೆಣ್ಣುನೊಣ ಅಲ್ಲಿ ಮೊಟ್ಟೆಯಿಟ್ಟದ್ದನ್ನು ಅವರೇ ನೋಡಿದ್ದರಂತೆ. ಭಾನುವಾರದ ತನಕ ಆ ಬುಡವನ್ನು ಯಾರೂ ಮುಟ್ಟದಂತೆ ನೋಡಿಕೋ ಎಂದರು. ಜಾಗ ತೋರಿಸಿದ್ದು ನನಗೊಬ್ಬನಿಗೇ.

ಆ ವಾರವೇ ನಮ್ಮ ಬೀದಿಯಲ್ಲಿ ಇಬ್ಬರಿಗೆ ಡೆಂಗಿ ಬಂತು. ನೀವು ಫಾರ್ಮಾದವರು, ನಿಮಗೇ ಗೊತ್ತಿರುತ್ತದೆ ಎಂದು ಕಟ್ಟಡದ ಸಂಘದವರು ಸೊಳ್ಳೆ ಓಡಿಸುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ನಾನೂ ಉಬ್ಬಿದೆ. ಶುಕ್ರವಾರ ಚರಂಡಿ, ಟೈರು, ತೊಟ್ಟಿ ಎಲ್ಲದಕ್ಕೂ ಸೊಳ್ಳೆಮರಿ ಉಸಿರುಕಟ್ಟಿ ಸಾಯುವ ಎಣ್ಣೆ ಬಿಡಿಸಿದೆ. ಮಾಸ್ಟಾರು ಅಂದು ಸಿಂಹಾಚಲಕ್ಕೆ ಹೋಗಿದ್ದರು. ಕೊನೆಗೆ ಡಬ್ಬಿಯ ತಳದಲ್ಲಿ ಒಂದಿಷ್ಟು ಎಣ್ಣೆ ಉಳಿಯಿತು. ನಿಂತ ನೀರು ಒಂದೇ ಒಂದು ಕಡೆ ಬಾಕಿ ಇದೆ ಎಂಬುದು ನನ್ನನ್ನು ಕೊರೆಯತೊಡಗಿತು. ನಮ್ಮ ಕೆಲಸದಲ್ಲಿ ಬಾಕಿ ಬಿಡುವುದು ತಪ್ಪು. ಮರೆತೆ ಎಂದರೆ ಸುಳ್ಳಾಗುತ್ತದೆ. ಅವರ ಮಾತು ನೆನಪಿತ್ತು, ನಾಲ್ಕು ಹುಳು ತಾನೇ ಎಂದುಕೊಂಡು ಸುರಿದೆ. ಸುರಿಯುವ ಮೊದಲು ಚಟದಂತೆ ಬಾಲಗಳನ್ನು ಎರಡು ಸಲ ಎಣಿಸಿದೆ. ಹನ್ನೊಂದು. ನೀರಿನ ಮೇಲೆ ಎಣ್ಣೆ ಹರಡಿತು, ಮೂಗುಗಳು ಒಂದೊಂದಾಗಿ ಒಳಗೆ ಹೋದವು. ಅದನ್ನು ನಾನು ಎಲ್ಲೂ ಬರೆಯಲಿಲ್ಲ.

ಭಾನುವಾರ ತಜ್ಞರು ಬಂದರು. ಅಷ್ಟರಲ್ಲಿ ಎಣ್ಣೆಯ ಪೊರೆ ಆರಿ, ಸತ್ತ ಹುಳುಗಳು ತಳದ ಕೆಸರು ಸೇರಿದ್ದವು; ಪೊಟರೆಯಲ್ಲಿ ಏನೂ ಕಾಣಲಿಲ್ಲ, ಜೊಂಡಿನಲ್ಲೂ ನೊಣ ಕಾಣಲಿಲ್ಲ. ಯಾರಾದರೂ ಔಷಧಿ ಗಿವುಷಧಿ ಹೊಡೆದರೇ ಎಂದು ಅವರು ಸುಮ್ಮನೆ ಕೇಳಿದ್ದಕ್ಕೆ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ನಾನೇ ಮುಂದೆ ಬಿದ್ದು, ಚರಂಡಿಗೆ ಮಾತ್ರ ಎಂದೆ. ಅವರು ಚಹಾ ಕುಡಿದು, ವಯಸ್ಸಾದ ಮೇಲೆ ಸಾಧಾರಣ ನೊಣವೂ ವಿಶೇಷವಾಗಿ ಕಾಣುವುದುಂಟು ಎಂದು ಮೆಲ್ಲಗೆ ಹೇಳಿ ಹೊರಟರು. ಮಾಸ್ಟಾರು ನೊಣದ ವಿವರ ಬರೆದಿಡುತ್ತಿದ್ದ ನೋಟ್‌ಬುಕ್ಕು ತೆಗೆದು, ನೀನು ಇಂಥದ್ದನ್ನೆಲ್ಲ ಪರೀಕ್ಷೆ ಮಾಡುವವನು, ಹುಳು ಕಾಣೆಯಾದ ಕಾರಣ ನೀನೇ ಬರೆ ಎಂದು ಕೊಟ್ಟರು. ಕಾರಣ ತಿಳಿದುಬಂದಿಲ್ಲ ಎಂದು ದುಂಡಗೆ ಬರೆದು ಸಹಿ ಹಾಕಿದೆ. ಆ ಸಹಿಯನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಎರಡು ತಿಂಗಳಲ್ಲಿ ನನ್ನನ್ನು ವಿಜಯವಾಡಕ್ಕೆ, ಆಟೋನಗರ್ ಹತ್ತಿರದ ಗೋದಾಮಿಗೆ ಹಾಕಿದರು. ತಪ್ಪಿಸಿಕೊಂಡೆ ಎಂದುಕೊಂಡೆ. ಆದರೆ ರಜೆ ಬಂದರೆ ಕಾಲು ತಾನಾಗಿ ಕಾಲುವೆಯ ಕಡೆಗೆ ಹೋಗುತ್ತಿತ್ತು. ಅಳಿದುಳಿದ ಜೊಂಡನ್ನೆಲ್ಲ ಜಾಲಾಡಿದೆ. ಸಾದಾ ನೊಣ ಬೇಕಾದಷ್ಟಿದ್ದವು, ಬೆನ್ನಿನ ಮೇಲೆ ಆ ಗುರುತಿದ್ದದ್ದು ಒಂದೂ ಸಿಗಲಿಲ್ಲ. ಒಂದು ದಿನ ಮಾಸ್ಟಾರು ಫೋನು ಮಾಡಿ ಅದೂ ಇದೂ ಮಾತಾಡಿದ ಮೇಲೆ, ಆ ನೊಣ ಮತ್ತೆ ಕಾಣಲೇ ಇಲ್ಲ, ನೋಟ್‌ಬುಕ್ಕುಗಳನ್ನು ರದ್ದಿಗೆ ಹಾಕುತ್ತಿದ್ದೇನೆ ಎಂದರು. ವಿಜಯವಾಡದಲ್ಲಿ ನೋಡಿದ್ದೂ ಭ್ರಮೆಯೇ ಇರಬೇಕು, ಇಷ್ಟು ವರ್ಷ ನನ್ನ ಕಣ್ಣೇ ನನಗೆ ಸುಳ್ಳು ಹೇಳಿತು ಎಂದು ನಕ್ಕರು. ಸುಳ್ಳು ಹೇಳಿದ್ದು ಅವರ ಕಣ್ಣಲ್ಲ. ನಾಳೆಯ ತನಕ ಹಾಕಬೇಡಿ ಎಂದೆ.

ಮರುದಿನ ಗಾಜುವಾಕದ ಹತ್ತಿರದ ದುವ್ವಾಡದಲ್ಲಿ ರೈಲಿಳಿದು ಆಟೋ ಹಿಡಿದು ಹೋದೆ. ನೋಟ್‌ಬುಕ್ಕು ಕೇಳಿ ತೆಗೆದುಕೊಂಡೆ. ನಮ್ಮಲ್ಲಿ ತಪ್ಪು ಬರೆದದ್ದನ್ನು ಉಜ್ಜಿ ಅಳಿಸುವಂತಿಲ್ಲ. ಹಳೆಯದು ಕಾಣುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. ಹಾಗೇ ಗೆರೆ ಎಳೆದೆ. ಶುಕ್ರವಾರ ನಾನೇ ಎಣ್ಣೆ ಸುರಿದೆ, ಆಗ ಹನ್ನೊಂದು ಹುಳು ಇದ್ದವು ಎಂದು ಬರೆದೆ. ಕೆಳಗೆ ಸಹಿ ಹಾಕಿ ಅವರ ಕೈಗೆ ಕೊಟ್ಟೆ.

ಅವರು ಕನ್ನಡಕ ಹಾಕಿಕೊಂಡು ಓದಿದರು. ಬೈಯುತ್ತಾರೆ ಎಂದು ಕಾದೆ, ಬೈದರೆ ಸಾಕು ಎಂದೂ ಅನಿಸಿತ್ತು. ಅವರು ಹನ್ನೊಂದು ಎಂಬುದರ ಮೇಲೆ ಬೆರಳಿಟ್ಟು ಕೇಳಿದರು.

“ಖರೆ ಎಣಿಸಿದ್ಯಾ?”

“ಎಣಿಸಿದೆ ಮಾಸ್ಟಾರು. ಎರಡು ಸಲ.”

ಅವರ ಕಣ್ಣು ತುಂಬಿತು. ಮುಖದಲ್ಲಿ ಸಿಟ್ಟು ಹುಡುಕಿದೆ, ಸಿಗಲಿಲ್ಲ.

“ಹಂಗಾದ್ರ ಇದ್ವು,” ಎಂದರು.