ಇಲ್ಲ ಎನ್ನದ ತುಂಗಾಬೆನ್

ವಿಮಾ ಕಂಪನಿಯಲ್ಲಿ ನನ್ನ ಕೆಲಸ ಇದ್ದದ್ದೇ ಜನರಿಗೆ ‘ಇಲ್ಲ’ ಎನ್ನುವುದು. ಕ್ಲೇಮು ಕೇಳಿ ಬಂದವರ ಅರ್ಜಿಯಲ್ಲಿ ಒಂದು ಹುಳುಕು ಹುಡುಕಿ, ಕೆಂಪು ಶಾಯಿಯಲ್ಲಿ ಗೀಟು ಎಳೆದು, ಮುಖ ನೋಡದೆ ಸಾಗಹಾಕುತ್ತಿದ್ದೆ. ಆ ಕಲೆಯಲ್ಲಿ ನನ್ನನ್ನು ಮೀರಿಸುವವರು ಬರೋಡಾದಲ್ಲಿ ಯಾರೂ ಇರಲಿಲ್ಲ. ಅದರ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆಯೇ. ಇಂಥ ನನಗೆ ನೆರೆಮನೆಯವಳಾಗಿ ಗಂಟುಬಿದ್ದವಳು ತುಂಗಾ. ಆಕೆಯ ಬಾಯಲ್ಲಿ ‘ಇಲ್ಲ’ ಎಂಬ ಮಾತು ಬಂದದ್ದನ್ನು ನಾನು ಒಂದೇ ಒಂದು ಸಲ ಕೇಳಿದ್ದೇನೆ.

ತುಂಗಾ ಚಿತ್ರದುರ್ಗದ ಕಡೆಯವಳು. ಗಂಡ ಪಟ್ಟಾಭಿರಾಮ ರೈಲ್ವೆಯವನು. ವರ್ಗವಾಗಿ ಬಂದು, ಮಂಜಲ್‌ಪುರದಲ್ಲಿ ನಮ್ಮ ಪಕ್ಕದ ಮನೆ ಹಿಡಿದು, ಅಲ್ಲೇ ಬೇರೂರಿಬಿಟ್ಟರು. ಆ ಮನೆಯಲ್ಲಿ ಅಕ್ಕಿ ಮುಗಿಯುವುದಿಲ್ಲ. ‘ಅಕ್ಕಿ ತುಂಬಿದೆ’ ಎನ್ನುತ್ತಾಳೆ, ಪಟ್ಟಾಭಿ ತೆಪ್ಪಗೆ ಚೀಲ ಹಿಡಿದು ಅಂಗಡಿಗೆ ಹೊರಡುತ್ತಾನೆ. ಬಳೆ ಒಡೆಯುವುದಿಲ್ಲ, ‘ಹೆಚ್ಚುತ್ತದೆ’. ದೇವರ ದೀಪ ಆರುವುದಿಲ್ಲ, ‘ದೊಡ್ಡದಾಗುತ್ತದೆ’. ನನ್ನ ತಾಯಿಯೂ ಹೀಗೇ ಆಡುತ್ತಿದ್ದಳು, ಆದರೆ ಅಡುಗೆಮನೆ ದೇವರಮನೆಗಳಲ್ಲಿ ಮಾತ್ರ. ತುಂಗಾ ಅದನ್ನು ಕೆಲಸಕ್ಕೂ ಒಯ್ದಳು.

ಕೆಲಸ ಫತೇಗಂಜಿನ ಒಂದು ಗ್ರಂಥಾಲಯದಲ್ಲಿ. ಅಲ್ಲಿಯವರಿಗೆ ಈಕೆ ತುಂಗಾಬೆನ್, ಅಂದರೆ ತುಂಗಕ್ಕ. ಸೂರತ್ತಿನ ಹತ್ತಿರದ ಸಚಿನ್ ಎಂಬ ಊರಲ್ಲಿ ಬಣ್ಣದ ಕಾರ್ಖಾನೆ ಇಟ್ಟುಕೊಂಡ ಶೇಠರೊಬ್ಬರ ಟ್ರಸ್ಟು ಅದನ್ನು ನಡೆಸುತ್ತಿತ್ತು. ಪುಸ್ತಕ ಕೊಡುವುದು, ವಾಪಸ್ ಪಡೆಯುವುದು, ಹೊಸದು ಬಂದರೆ ಬೆನ್ನಿಗೆ ಚೀಟಿ ಅಂಟಿಸುವುದು, ಇಷ್ಟು ಆಕೆಯ ಪಾಲಿನದು. ಕಿಟಕಿಯ ಪಕ್ಕ ಕುರ್ಚಿ. ಎದುರಿಗೆ ಫ್ಯಾನಿನ ಕೆಳಗೆ, ಪೇಪರು ಹಿಡಿದುಕೊಂಡು, ನಿವೃತ್ತನಾಗಿ ಹೊತ್ತು ಕಳೆಯುವ ನಾನು.

ಯಾರಾದರೂ ಅಲ್ಲಿಲ್ಲದ ಪುಸ್ತಕ ಕೇಳಿದರೆ ತುಂಗಾ, “ಇದೆ, ಇದೆ. ಯಾರೋ ಓದುತ್ತಿದ್ದಾರೆ. ನಾಳೆ ಬನ್ನಿ” ಎನ್ನುತ್ತಿದ್ದಳು. ಸಂಜೆ ಬಾಗಿಲು ಹಾಕಿದ ಮೇಲೆ ಹಾಸ್ಟೆಲ್ಲು, ರದ್ದಿ ಅಂಗಡಿ, ನಿವೃತ್ತ ಪ್ರೊಫೆಸರುಗಳ ಮನೆ ಎಲ್ಲ ಅಲೆಯುತ್ತಿದ್ದಳು. ಕಾಡಿ ಬೇಡಿ ಹೇಗೋ ಆ ಪುಸ್ತಕವನ್ನು ಮರುದಿನ ಮೇಜಿನ ಮೇಲೆ ಇಟ್ಟಿರುತ್ತಿದ್ದಳು.

“ಇಲ್ಲ ಅಂದ್ಬಿಟ್ರೆ ಮುಗೀತಲ್ಲಮ್ಮಾ,” ಎಂದು ನಾನು ರೇಗುತ್ತಿದ್ದೆ.

“ಹೆಂಗಣ್ಣಾ ಇಲ್ಲ ಅನ್ನೋದು? ಪಾಪ, ಬಿಸಿಲಲ್ಲಿ ಬಂದಿರ್ತಾರೆ.”

ಹೀಗಿರುವಾಗ ಯಂತ್ರ ಬಂತು. ತಂದವರು ಟ್ರಸ್ಟಿನ ಮ್ಯಾನೇಜರು ಹಸಮುಖಭಾಯಿ, ಜನರನ್ನು ಕೆಲಸದಿಂದ ತೆಗೆಯುವಾಗಲೂ ನಗುನಗುತ್ತಲೇ ತೆಗೆಯುವವರು. ಬಾಗಿಲ ಬಳಿ ನಿಂತ ಒಂದು ಪರದೆ, ಒಳಗೆ ಕೃತಕ ಬುದ್ಧಿ, ಹೆಸರು ‘ಸಹಾಯಕ’. ಗುಜರಾತಿ, ಹಿಂದಿ, ಇಂಗ್ಲಿಷ್ ಎಲ್ಲ ಬರುತ್ತಿತ್ತು, ಗ್ರಂಥಾಲಯದ ರೀತಿನೀತಿ ಮಾತ್ರ ಬರುತ್ತಿರಲಿಲ್ಲ. ಅದನ್ನು ಕಲಿಸಲು ತುಂಗಾಳನ್ನು ಬೇಸಿಗೆಯುದ್ದಕ್ಕೂ ಅದರ ಮುಂದೆ ಕೂರಿಸಿದರು. ಅದು ಓದುಗನಂತೆ ಪ್ರಶ್ನೆ ಕೇಳುವುದು, ಈಕೆ ಉತ್ತರಿಸುವುದು. ಮೇಷ್ಟರಿಗೆ ಇಂಥ ಶಿಷ್ಯ ಸಿಕ್ಕಲಾರ. ಹೇಳಿದ್ದನ್ನೆಲ್ಲ ಕಲಿಯಿತು. ಮಾತು ಕಲಿಯಿತು, ಸಂಜೆಯ ಓಡಾಟ ಕಲಿಯಲಿಲ್ಲ.

ಮೊದಲ ದಿನವೇ ಗರ್ಬಾ ಕಲಿಸುವ ಹೆಂಗಸೊಬ್ಬಳು ಬಂದು, ಮಂಡಿನೋವಿನವರು ಗರ್ಬಾ ಆಡುವ ಬಗೆಯ ಬಗ್ಗೆ ಪುಸ್ತಕ ಕೇಳಿದಳು.

“ಇದೆ, ಬೆನ್,” ಎಂದಿತು ಸಹಾಯಕ. “ಮೇಲಿನ ಮಹಡಿಯಲ್ಲಿದೆ. ಸದ್ಯ ಯಾರೋ ಓದುತ್ತಿದ್ದಾರೆ. ನಾಳೆ ಬನ್ನಿ.”

ಆ ಕಟ್ಟಡಕ್ಕೆ ಮೇಲಿನ ಮಹಡಿ ಇರಲಿಲ್ಲ. ತುಂಗಾ ಅದನ್ನು ಕಲಿಸಿರಲೂ ಇಲ್ಲ. ಯಂತ್ರ ತನ್ನ ಅನುಕೂಲಕ್ಕೆ ತಾನೇ ಕಟ್ಟಿಕೊಂಡಿತ್ತು. ಆದರೂ ಮರುದಿನ ಆ ಹೆಂಗಸು ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಮೇಲೆ ತಾರಸಿ, ತಾರಸಿಯಲ್ಲಿ ನೀರಿನ ಟ್ಯಾಂಕು. ಓದುತ್ತಿರುವವರು ಮುಗಿಸಲಿ ಎಂದು ಟ್ಯಾಂಕಿನ ನೆರಳಲ್ಲಿ ಕಾಯುತ್ತ ಕೂತಳು.

ಆಮೇಲೆ ಜನ ಹೆಚ್ಚಿದರು. ಒಬ್ಬ ಎಮ್ಮೆಗಳ ಹುಟ್ಟುಹಬ್ಬದ ಬಗ್ಗೆ ಕೇಳಿದ, ಅದೂ ಇತ್ತು. ಇನ್ನೊಬ್ಬ ಪುಸ್ತಕ ಬಿಟ್ಟು ಕಳೆದುಹೋದ ತನ್ನ ಸೈಕಲ್ಲನ್ನೇ ಕೇಳಿದ. ಅದು ಮೇಲಿದೆ, ಯಾರೋ ಓದುತ್ತಿದ್ದಾರೆ ಎಂಬ ಉತ್ತರ ಬಂತು. ಆತ ಸಂತೋಷದಿಂದ ಮೇಲೆ ಹೋದ! ನಮ್ಮೂರಲ್ಲಿ ಒಮ್ಮೆ ದೆವ್ವದ ಸುದ್ದಿ ಹಬ್ಬಿ, ಎಲ್ಲರೂ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರು. ದೆವ್ವ ದಿನವೂ ಬಂದು, ಓದಿಕೊಂಡು, ವಾಪಸ್ ಹೋಗುತ್ತಿತ್ತಂತೆ. ಬರೋಡಾದ ಓದುಗರು ಆ ದೆವ್ವಕ್ಕಿಂತ ನಿಯತ್ತಿನವರು, ವಾಪಸ್ ಕೂಡ ಹೋಗಲಿಲ್ಲ. ತುಂಗಾ ಅವರಿಗೆ ಕುರ್ಚಿ ಹೊತ್ತಳು. ಸೇವ್ ಉಸಳ್ ಎಂಬ ಖಾರದ ಬಟಾಣಿ ತಿಂಡಿ ಮಾರುವವನು ತನ್ನ ಪಾತ್ರೆಗಳೊಂದಿಗೆ ತಾರಸಿಗೆ ಬಂದ. ಜನಸಂದಣಿ ಕಂಡು ಹಸಮುಖಭಾಯಿ ಖುಷಿಯಾಗಿ, ‘ಮೇಲಿನ ಮಹಡಿ’ ಎಂದು ಬಾಣದ ಗುರುತಿನ ಬೋರ್ಡು ಬರೆಸಿದರು.

“ಭಾಯಿ, ಮೇಲೆ ಏನಿದೆ ಅಂತ ಈ ಬೋರ್ಡು?” ಎಂದು ಕೇಳಿದೆ.

“ಯಂತ್ರ ಹೇಳಿದ ಮೇಲೆ ಇದ್ದೇ ಇರುತ್ತದೆ,” ಎಂದು ನಕ್ಕರು. ಅವರು ಮೇಲೆ ಹತ್ತಿ ನೋಡಲಿಲ್ಲ, ಅವರಿಗೂ ಮಂಡಿನೋವು.

ಯಂತ್ರ ಕೊಟ್ಟ ಮಾತನ್ನೆಲ್ಲ ತೀರಿಸಲು ಪಾಪ ತುಂಗಾ ಸಂಜೆಯೆಲ್ಲ ಓಡಿದಳು. ಎಮ್ಮೆಯ ಪುಸ್ತಕಕ್ಕೆ ಬೀದಿ ಬೀದಿ ಸುತ್ತಿದಳು. ಕಣ್ಣ ಕೆಳಗೆ ಕಪ್ಪು ಕಟ್ಟಿತು. ಆ ಪರದೆಗೆ ಎರಡು ಬಿಗಿಯೋಣ ಎನ್ನುವಷ್ಟು ಸಿಟ್ಟು ನನಗೆ ಬರುತ್ತಿತ್ತು.

ಕೊನೆಗೆ ಸಂಸ್ಥಾಪಕ ಶೇಠರ ಜಯಂತಿ ಹತ್ತಿರ ಬಂತು. ಟ್ರಸ್ಟಿಯೊಬ್ಬರು ಯಂತ್ರದ ಮುಂದೆ ನಿಂತು, ದೊಡ್ಡ ಶೇಠರ ಜೀವನಚರಿತ್ರೆ ಇದೆಯೇ ಎಂದು ಕೇಳಿದರು. ಅದನ್ನು ಯಾರೂ ಬರೆದೇ ಇರಲಿಲ್ಲ. ಯಂತ್ರಕ್ಕೆ ಅದರ ಚಿಂತೆ ಏಕೆ? “ಇದೆ. ಮೇಲಿನ ಮಹಡಿಯಲ್ಲಿದೆ. ನಾಳೆ ಬನ್ನಿ” ಎಂದಿತು. ಮರುದಿನ ಟ್ರಸ್ಟಿಗಳು ಹಾರ, ಪೇಡೆ, ಫೋಟೋದವನು ಸಮೇತ ತಾರಸಿ ಹತ್ತಿದರು. ಅಲ್ಲಿ ಟ್ಯಾಂಕಿನ ಸುತ್ತ ಕೂತು ಜನ ಸೇವ್ ಉಸಳ್ ತಿನ್ನುತ್ತಿದ್ದರು. ಫೋಟೋದವನನ್ನು ಕರೆಸಿಯಾಗಿತ್ತು. ಹಾಗಾಗಿ ಹಾರವನ್ನು ಟ್ಯಾಂಕಿಗೆ ಹಾಕಿ, ಕೈಮುಗಿದು, ಫೋಟೋ ತೆಗೆಸಿಕೊಂಡು ಇಳಿದರು.

ಅಂದೇ ಸಂಜೆ ಹಸಮುಖಭಾಯಿ ತುಂಗಾಳ ಮೇಜಿನ ಮುಂದೆ ಬಂದು ನಿಂತರು. ನಗುತ್ತಲೇ ಇದ್ದರು.

“ತುಂಗಾಬೆನ್, ಇದಕ್ಕೆ ‘ಇಲ್ಲ’ ಎನ್ನುವುದನ್ನು ಕಲಿಸಿಬಿಡಿ. ಕಲಿಸಿದವರು ನೀವು, ತಿದ್ದುವವರೂ ನೀವೇ. ಅದು ಮುಗಿದರೆ ಇಲ್ಲಿ ನಿಮಗೆ ತೊಂದರೆ ಕೊಡುವುದಿಲ್ಲ. ಸಚಿನ್ ಕಾರ್ಖಾನೆಯಲ್ಲಿ ಜಾಗ ಇದೆ. ಬಣ್ಣದ ಡಬ್ಬಿಗಳಿಗೆ ಚೀಟಿ ಅಂಟಿಸಬೇಕು. ನಿಮಗೆ ಅಭ್ಯಾಸ ಇದ್ದೇ ಇದೆ.”

ಮಂಜಲ್‌ಪುರದ ಸಂಸಾರ ಬಿಟ್ಟು ಸೂರತ್ತಿನಾಚೆ ರಾಸಾಯನಿಕದ ವಾಸನೆಯಲ್ಲಿ ಡಬ್ಬಿಗಳ ನಡುವೆ ಈಕೆ ಕೂರಬೇಕು, ಅದೂ ಈ ಯಂತ್ರಕ್ಕೆ ಪಾಠ ಹೇಳಿಕೊಟ್ಟ ತಪ್ಪಿಗೆ! ತುಂಗಾ ಎಂದಿನಂತೆ ‘ಆಗಲಿ’ ಎಂದುಬಿಡುತ್ತಾಳೆ ಎಂದು ನನಗೆ ಖಾತ್ರಿಯಿತ್ತು. ಆಕೆ ಕಿಟಕಿಯ ಹೊರಗೆ ನೋಡಿದಳು, ಯಂತ್ರದ ಕಡೆ ನೋಡಿದಳು, ಸೆರಗು ಸರಿಮಾಡಿಕೊಂಡಳು.

“ಇಲ್ಲ,” ಎಂದಳು.

ಅಪ್ಪಟ ಕನ್ನಡದಲ್ಲೇ ಎಂದಳು. ಹಸಮುಖಭಾಯಿಗೆ ಕನ್ನಡ ಬಾರದು, ಆದರೂ ತಿಳಿಯಿತು. ಮೊದಲ ಸಲ ಅವರ ಮುಖದಲ್ಲಿ ನಗು ಕಾಣಲಿಲ್ಲ.

“ಇಲ್ಲ ಅನ್ನೋದು ಕಲಿಸಿದ್ರೆ ಬಂದೋರು ಹೊರಟೋಗ್ತಾರಣ್ಣಾ,” ಎಂದು ತುಂಗಾ ನನಗೆ ಹೇಳಿದಳು. “ನಾಳೆ ಅಂತ್ಲೇ ಅನ್ನಲಿ. ಹುಡುಕೋಕೆ ನಾನಿದೀನಿ. ಅವರಿಗೆ ಹೇಳಿ.” ಅಷ್ಟು ಹೇಳಿ ಒಂದು ಪುಸ್ತಕ ಎತ್ತಿಕೊಂಡು ಚೀಟಿ ಅಂಟಿಸತೊಡಗಿದಳು. ಚೀಟಿ ಸೊಟ್ಟಗೆ ಕೂತಿತು.

ನಾನು ಹಿಂದಿಯಲ್ಲಿ ಹೇಳಿದೆ. ಹಸಮುಖಭಾಯಿ ಅರ್ಧಂಬರ್ಧ ಕೇಳಿಸಿಕೊಂಡು ನನ್ನನ್ನೇ ಅಳೆಯುವಂತೆ ನೋಡಿದರು.

“ಬಾಲಚಂದ್ರಭಾಯಿ, ನೀವು ವಿಮೆಯವರಲ್ಲವೇ? ‘ಇಲ್ಲ’ ಎನ್ನುವುದೇ ನಿಮ್ಮ ನೌಕರಿಯಾಗಿತ್ತಲ್ಲ. ನೀವೇ ಕಲಿಸಿ. ಕುರ್ಚಿ, ಫ್ಯಾನು, ಹೊತ್ತುಹೊತ್ತಿಗೆ ಚಹಾ, ಎಲ್ಲ ಟ್ರಸ್ಟಿನದು.”

ಸುಳ್ಳೇಕೆ ಹೇಳಲಿ, ನಾಲಿಗೆ ತುರಿಸಿತು. ನಿವೃತ್ತನಾದ ಮೇಲೆ ನನ್ನ ವಿದ್ಯೆಯನ್ನು ಕೇಳಿಕೊಂಡು ಬಂದ ಮೊದಲ ಮನುಷ್ಯ ಆತ. ತುಂಗಾ ತಲೆಯೆತ್ತಲಿಲ್ಲ, ಆ ಸೊಟ್ಟ ಚೀಟಿಯನ್ನು ಬೆರಳಿನಿಂದ ಒತ್ತುತ್ತಲೇ ಇದ್ದಳು. ‘ಇಲ್ಲ’ ಎನ್ನಲು ಬಾಯಿ ತೆರೆದೆ. ಹಾಗಂದರೆ ಈತ ಬೆಳಗಾಗುವುದರೊಳಗೆ ಬೇರೆ ಯಾರನ್ನಾದರೂ ಹಿಡಿದು ತರುತ್ತಾನೆ ಎಂದು ಹೊಳೆಯಿತು.

“ಅದಕ್ಕೇನಂತೆ, ಕಲಿಸೋಣ,” ಎಂದೆ. “ನಾಳೆ ಬನ್ನಿ.”

ಮರುದಿನ ಬಂದರು. ಅದರ ಮರುದಿನವೂ ಬಂದರು. ಮಳೆಗಾಲ ಕಳೆದು ನವರಾತ್ರಿ ಬಂತು. ತಾರಸಿಯಲ್ಲಿ ಮಂಡಿನೋವಿನವರೆಲ್ಲ ಟ್ಯಾಂಕಿನ ಸುತ್ತ ಮೆಲ್ಲಗೆ ಗರ್ಬಾ ಆಡಿದರು. ತುಂಗಾ ಕಿಟಕಿಯ ಪಕ್ಕದ ಕುರ್ಚಿಯಲ್ಲೇ ಇದ್ದಾಳೆ. ಇವತ್ತು ಬೆಳಗ್ಗೆಯೂ ಹಸಮುಖಭಾಯಿ ಬಂದಿದ್ದರು. ನಾನು ಹೇಳಿದ್ದನ್ನು ಕೇಳಿಕೊಂಡು, ನಗುನಗುತ್ತಲೇ ವಾಪಸ್ ಹೋದರು.